ಮುಚ್ಚಿದ ಕಣ್ಣು

ಪಾಸ್‌ಪೋರ್ಟಿಗೆ ಫೋಟೋ ತೆಗೆಯುತ್ತಿದ್ದ ಹುಡುಗ "ಮೇಡಂ, ಕಣ್ಣು ಬಿಡಿ" ಅಂದ. ನಾನು ಬಿಟ್ಟುಕೊಂಡೇ ಕೂತಿದ್ದೆ. "ಇನ್ನೂ ಸ್ವಲ್ಪ" ಅಂದ. ಹುಬ್ಬು ಎತ್ತಿ ಹಣೆ ಸುಕ್ಕು ಮಾಡಿಕೊಂಡೆ. ಆಗ "ಹಾಂ, ಹಾಗೇ ಇರಿ" ಅಂತ ಬಟನ್ ಒತ್ತಿದ. ಯಾವುದೋ ಸದ್ದಿಗೆ ಬೆಚ್ಚಿದವಳ ಹಾಗೆ ಕಾಣುವ ಆ ಫೋಟೋ ಈಗಲೂ ನನ್ನ ಪಾಸ್‌ಪೋರ್ಟಿನಲ್ಲಿದೆ. ಆ ಪಾಸ್‌ಪೋರ್ಟ್ ಮಾಡಿಸಿದ್ದೇ ಜೋತುಬಿದ್ದ ರೆಪ್ಪೆಗಳ ಆಪರೇಷನ್ನಿಗಾಗಿ ಹೊರದೇಶಕ್ಕೆ ಹೋಗಲು. ಹೋಗಿ ಬಂದು ಹದಿನಾಲ್ಕು ತಿಂಗಳಾಯಿತು. ಈಗ ಹುಬ್ಬಿನ ಸಹಾಯವಿಲ್ಲದೆ ಕಣ್ಣು ಬಿಡಬಲ್ಲೆ. ಆದರೂ ಒಂದು ವಿಷಯ ಒಳಗೆ ಕೊರೆಯುತ್ತಲೇ ಇದೆ. ಹೊರಡುವ ಮೊದಲು ಒಂದಿಡೀ ವರ್ಷ ಕಣ್ಣು ಎಷ್ಟು ತೆರೆದುಕೊಳ್ಳುತ್ತದೆ ಅನ್ನುವುದನ್ನೇ ಯೋಚಿಸಿದೆ. ಫೋಟೋಗಳನ್ನು ನೋಡಿದೆ, ವಿಡಿಯೋಗಳನ್ನು ನೋಡಿದೆ, ಗುಟ್ಟಾಗಿ ಒಬ್ಬಿಬ್ಬರನ್ನು ಕೇಳಿದೆ. ಆಮೇಲೆ ಅದು ಸರಿಯಾಗಿ ಮುಚ್ಚಿಕೊಳ್ಳುತ್ತದೆಯೇ ಅಂತ ಒಂದು ಸಲವೂ ಕೇಳಲಿಲ್ಲ. ಕೇಳಬೇಕೆಂದು ಯಾರೂ ಹೇಳಲೂ ಇಲ್ಲ.

ಅಮ್ಮನ ಬೆರಳು

ಅಮ್ಮನಿಗೆ ಎಪ್ಪತ್ತು ದಾಟಿದ ಮೇಲೆ ಒಂದು ಅಭ್ಯಾಸ ಬಂದಿತ್ತು. ಯಾರಾದರೂ ಬಂದು ಎದುರಿಗೆ ಕೂತರೆ ಗಲ್ಲ ಎತ್ತಿ, ತಲೆಯನ್ನು ಹಿಂದಕ್ಕೆ ವಾಲಿಸಿ ನೋಡುತ್ತಿದ್ದಳು. ಗುರುತು ಹತ್ತದಿದ್ದರೆ ತೋರುಬೆರಳಿನ ತುದಿಯಿಂದ ಬಲಗಣ್ಣಿನ ರೆಪ್ಪೆಯನ್ನು ಮೇಲಕ್ಕೆತ್ತಿ, ಕಿಟಕಿಯ ಪರದೆ ಸರಿಸಿದ ಹಾಗೆ, ಒಂದು ಗಳಿಗೆ ದಿಟ್ಟಿಸಿ, "ಓ ನೀನಾ" ಅನ್ನುತ್ತಿದ್ದಳು. ಪೇಪರ್ ಓದುವಾಗಲೂ ಹಾಗೆಯೇ. ಎಡಗೈಯಲ್ಲಿ ಪೇಪರ್, ಬಲಗೈಯ ಬೆರಳು ರೆಪ್ಪೆಯ ಮೇಲೆ. ನಾವು ಮಕ್ಕಳು ಅದನ್ನು ವಯಸ್ಸಿನ ಒಂದು ರೀತಿ ಅಂದುಕೊಂಡು ಸುಮ್ಮನಿದ್ದೆವು. ಅವಳಿಗೆ ನೋಟದ ಮೇಲಿನ ಅರ್ಧ ಹೋಗಿತ್ತು ಅನ್ನುವುದು ನಮ್ಮ ತಲೆಗೆ ಹೊಳೆಯಲೇ ಇಲ್ಲ. ಕನ್ನಡಕ ಮೂರು ಸಲ ಬದಲಾಯಿಸಿದೆವು. ರೆಪ್ಪೆಯನ್ನು ಯಾರಿಗೂ ತೋರಿಸಲಿಲ್ಲ. ಇದನ್ನು ಬರೆಯುವಾಗ ಗಂಟಲು ಕಟ್ಟುತ್ತದೆ.

ಐವತ್ತೆರಡಕ್ಕೆ ನನಗೂ ಅದೇ ಶುರುವಾಯಿತು. ಸಂಜೆಯಾದರೆ ಹಣೆ ನೋಯುತ್ತಿತ್ತು. ತಲೆನೋವು ಅಂತ ಮಾತ್ರೆ ನುಂಗುತ್ತಿದ್ದೆ. ರೆಪ್ಪೆ ಭಾರವಾದಾಗ ನಮಗೆ ಗೊತ್ತಿಲ್ಲದೆ ಹಣೆಯ ಸ್ನಾಯು ದಿನವಿಡೀ ಹುಬ್ಬನ್ನು ಎತ್ತಿ ಹಿಡಿದಿರುತ್ತದೆ, ಅದರ ದಣಿವು ಅದು. ದೇಹದಲ್ಲೇ ಅತಿ ತೆಳುವಾದ ಚರ್ಮ ರೆಪ್ಪೆಯದು, ಒಂದು ಮಿಲಿಮೀಟರಿಗಿಂತ ಕಡಿಮೆ. ಅದು ಸಡಿಲವಾಗಿ ಮಡಿಕೆಬಿದ್ದು ರೆಪ್ಪೆಗೂದಲಿನ ಮೇಲೆ ಕೂರುವುದು ಒಂದು ತೊಂದರೆ. ರೆಪ್ಪೆಯನ್ನು ಎತ್ತುವ ಲಿವೇಟರ್ ಸ್ನಾಯುವಿನ ಹುರಿ ಎಳೆದುಹೋಗಿ ರೆಪ್ಪೆಯ ಅಂಚೇ ಕೆಳಗಿಳಿಯುವುದು ಇನ್ನೊಂದು. ಅದಕ್ಕೆ ಟೋಸಿಸ್ ಅನ್ನುತ್ತಾರೆ. ಕಣ್ಣಿಗೆ ಟಾರ್ಚ್ ಹಿಡಿದರೆ ಪಾಪೆಯ ನಡುವೆ ಬೆಳಕಿನ ಚುಕ್ಕಿ ಹೊಳೆಯುತ್ತದಲ್ಲ, ಅಲ್ಲಿಂದ ಮೇಲ್‌ರೆಪ್ಪೆಯ ಅಂಚಿಗೆ ಸಾಮಾನ್ಯವಾಗಿ 4ರಿಂದ 5 ಮಿಲಿಮೀಟರ್ ಇರಬೇಕು. ಟೋಸಿಸ್‌ನಲ್ಲಿ ಆ ಅಂತರ ಕುಗ್ಗುತ್ತದೆ. ಚರ್ಮ ಮಾತ್ರ ಜೋತಿದ್ದರೆ ಅಂಚು ತನ್ನ ಜಾಗದಲ್ಲೇ ಇದ್ದು ಮೇಲೆ ಪರದೆ ಬಿದ್ದಿರುತ್ತದೆ. ಎರಡಕ್ಕೂ ಆಪರೇಷನ್ ಬೇರೆ. ಅಮ್ಮನಿಗೆ ಎರಡೂ ಇದ್ದವು ಅಂತ ಈಗ ಅವಳ ಹಳೆಯ ಫೋಟೋ ನೋಡಿದರೆ ಅನ್ನಿಸುತ್ತದೆ. ನನಗಿದ್ದದ್ದು ಚರ್ಮದ ತೊಂದರೆ ಮಾತ್ರ.

ಚಂದ ಕಾಣಬೇಕೆಂಬ ಆಸೆ ಇರಲಿಲ್ಲವೇ? ಇತ್ತು. "ಯಾಕೆ, ಹುಷಾರಿಲ್ವಾ" ಅಂತ ದಿನಕ್ಕಿಬ್ಬರಾದರೂ ಕೇಳುವ ಮುಖ ನನಗೆ ಸಾಕಾಗಿತ್ತು. ನೋಟಕ್ಕಾಗಿ ಅಂತ ಮಾತ್ರ ಹೇಳಿಕೊಂಡರೆ ಮರ್ಯಾದೆ, ಅಂದಕ್ಕಾಗಿ ಅಂದರೆ ಅವಮಾನ ಅನ್ನುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಆದರೆ ಆಗ ಆ ಲೆಕ್ಕಕ್ಕೆ ನಾನೂ ತಲೆಬಾಗಿದ್ದೆ. ದೂರದೇಶಕ್ಕೆ ಹೋದದ್ದೂ ಅದರಿಂದಲೇ.

ದೂರ ಯಾಕೆ

ವಿಷಯ ಗೊತ್ತಿದ್ದ ಒಬ್ಬಿಬ್ಬರು ಕೇಳಿದರೆ ನಾನು ಕೊಡುತ್ತಿದ್ದ ಉತ್ತರ ಅನುಭವದ ವಿಷಯ. ಸಿಯೋಲ್‌ನ ಡಾಕ್ಟರುಗಳು ಮಾಡುವಷ್ಟು ರೆಪ್ಪೆಯ ಆಪರೇಷನ್ ಬೇರೆಲ್ಲೂ ಮಾಡುವುದಿಲ್ಲ, ಕೈ ಪಳಗಿರುತ್ತದೆ ಅನ್ನುತ್ತಿದ್ದೆ. ಪೂರ್ತಿ ತಪ್ಪೂ ಅಲ್ಲ. ದಕ್ಷಿಣ ಕೊರಿಯಾ 2009ರಲ್ಲಿ ತನ್ನ ಆಸ್ಪತ್ರೆಗಳಿಗೆ ವಿದೇಶಿ ರೋಗಿಗಳನ್ನು ಕರೆತರಲು ಅನುಮತಿ ಕೊಟ್ಟಿತು. 2024ರಲ್ಲಿ ಹಾಗೆ ಹೋದವರ ಸಂಖ್ಯೆ 11 ಲಕ್ಷ ದಾಟಿತ್ತು, ಅರ್ಧಕ್ಕಿಂತ ಹೆಚ್ಚು ಜನ ಚರ್ಮದ ಚಿಕಿತ್ಸೆಗೆ ಹೋದವರು. ಸಿಯೋಲ್‌ನ ಗಂಗ್ನಮ್ ಪ್ರದೇಶದ ಸಿನ್ಸಾ, ಅಪ್ಗುಜಂಗ್ ಸ್ಟೇಷನ್ನುಗಳಲ್ಲಿ ಇಳಿದು ನಡೆದರೆ ಒಂದೊಂದು ಕಟ್ಟಡದಲ್ಲೂ ಮಹಡಿಯ ಮೇಲೆ ಮಹಡಿ ಕ್ಲಿನಿಕ್ಕುಗಳೇ. ಟೋಪಿ, ಮಾಸ್ಕ್, ಕಪ್ಪು ಕನ್ನಡಕ ಹಾಕಿಕೊಂಡು ಮುಖಕ್ಕೆ ಪಟ್ಟಿ ಸುತ್ತಿಕೊಂಡವರು ರಸ್ತೆ ದಾಟುತ್ತಿದ್ದರೆ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ನನಗೆ ಬೇಕಾಗಿದ್ದದ್ದು ಆ ತಿರುಗಿ ನೋಡದಿರುವುದೇ. ಆಫೀಸಿನಲ್ಲಿ ಅಕ್ಕನ ಜೊತೆ ಪ್ರವಾಸ ಅಂತ ರಜೆ ಬರೆದೆ. ಊತ ಇಳಿದ ಮುಖದಲ್ಲಿ ವಾಪಸ್ ಬಂದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ಒಂದು ವಾರದ ಗುಟ್ಟಿಗಾಗಿ ಡಾಕ್ಟರನ್ನು ಸಮುದ್ರದಾಚೆ ಇಟ್ಟುಕೊಂಡೆ. ರೆಪ್ಪೆಯ ಆಪರೇಷನ್ ಮುಗಿಯಲು ಒಂದು ಗಂಟೆ ಸಾಕು, ಅದು ವಾಸಿಯಾಗಲು ತಿಂಗಳುಗಳು ಬೇಕು. ಆ ತಿಂಗಳುಗಳನ್ನು ಯಾರ ಕೈಯಲ್ಲಿ ಕಳೆಯುತ್ತೇನೆ ಅಂತ ಯೋಚಿಸಲೇ ಇಲ್ಲ.

ಇನ್ನೊಂದು ವಿಷಯವೂ ಆಗ ಗೊತ್ತಿರಲಿಲ್ಲ. ಆ ಊರು ಹೆಸರು ಮಾಡಿರುವುದು ಹೆಚ್ಚಾಗಿ ಹುಟ್ಟಿನಿಂದ ರೆಪ್ಪೆಯಲ್ಲಿ ಮಡಿಕೆಯಿಲ್ಲದ ಎಳೆಯ ಕಣ್ಣುಗಳಿಗೆ ಮಡಿಕೆ ಕೂರಿಸುವ ಕೆಲಸಕ್ಕೆ. ಅದರ ಮೊದಲ ವರದಿ 1896ರಲ್ಲಿ ಜಪಾನಿನ ಮಿಕಾಮೋ ಎಂಬ ವೈದ್ಯರಿಂದ ಬಂದದ್ದು. ಇಪ್ಪತ್ತರ ಹುಡುಗಿಗೆ ಮಡಿಕೆ ಮೂಡಿಸುವುದು ಬೇರೆ, ಐವತ್ತು ದಾಟಿದವಳ ಸಡಿಲ ಚರ್ಮದಲ್ಲಿ ಎಷ್ಟು ಕತ್ತರಿಸಬೇಕು, ಎಷ್ಟು ಬಿಡಬೇಕು ಅಂತ ತೀರ್ಮಾನಿಸುವುದು ಬೇರೆ. ವಯಸ್ಸಾದ ಕಣ್ಣಿಗೆ ಕೆಲವು ಡಾಕ್ಟರುಗಳು ರೆಪ್ಪೆಯನ್ನು ಮುಟ್ಟದೆ ಹುಬ್ಬಿನ ಕೆಳಗೆ ಕತ್ತರಿಸಿ ಚರ್ಮವನ್ನು ಮೇಲಕ್ಕೆಳೆಯುತ್ತಾರೆ. ಅದನ್ನೂ ನಾನು ತಿಳಿದದ್ದು ಆಮೇಲೆ. ಒಬ್ಬ ಡಾಕ್ಟರು ಎಷ್ಟು ರೆಪ್ಪೆಗಳನ್ನು ಮಾಡಿದ್ದಾರೆ ಅಂತ ಕೇಳಿದ್ದೆ. ನನ್ನ ವಯಸ್ಸಿನವರದು ಎಷ್ಟು ಅಂತ ಕೇಳಬೇಕಿತ್ತು.

ನೇರಳೆ ಪೆನ್ನು

ಆಪರೇಷನ್ನಿನ ದಿನ ನನ್ನನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದರು. ಗುರುತು ಹಾಕುವುದು ಕೂತಿರುವಾಗಲೇ. ಮಲಗಿಬಿಟ್ಟರೆ ಚರ್ಮ ಹಣೆಯ ಕಡೆ ಸರಿದು ಮೋಸ ಮಾಡುತ್ತದೆ. ಡಾಕ್ಟರು ಸಣ್ಣ ತುದಿಯ ನೇರಳೆ ಪೆನ್ನಿನಿಂದ ಮಡಿಕೆಯ ಗುಂಟ ಒಂದು ಗೆರೆ ಎಳೆದರು. ಆಮೇಲೆ ತುದಿ ಬಾಗಿದ ಚಿಮುಟದಿಂದ ಗೆರೆಯ ಮೇಲಿನ ಚರ್ಮವನ್ನು ಸ್ವಲ್ಪಸ್ವಲ್ಪವೇ ಹಿಡಿದು ನೋಡಿದರು. ರೆಪ್ಪೆಗೂದಲು ತುಸು ಮೇಲಕ್ಕೆ ತಿರುಗುವಷ್ಟು ಹಿಡಿದರೆ ಅದೇ ಮಿತಿ. ಚಿಮುಟ ತಣ್ಣಗಿತ್ತು. ಬಲಗಣ್ಣಿಗೆ ಒಂದು ಪುಟ್ಟ ಅಳತೆಪಟ್ಟಿ ಇಟ್ಟು ನೋಡಿದ್ದು ನೆನಪಿದೆ. ಹುಬ್ಬಿನ ಕೆಳಗಿನ ಅಂಚಿನಿಂದ ರೆಪ್ಪೆಗೂದಲಿನ ತನಕ ಕನಿಷ್ಠ 20 ಮಿಲಿಮೀಟರ್ ಚರ್ಮ ಉಳಿಯಬೇಕು, ಕಣ್ಣು ಮುಚ್ಚಲು ಅಷ್ಟು ಬೇಕೇ ಬೇಕು ಅನ್ನುವುದು ಈ ಕೆಲಸದ ಹಳೆಯ ಲೆಕ್ಕ. ಎಡಗಣ್ಣಿಗೆ ಪಟ್ಟಿ ಇಟ್ಟದ್ದು ಎಷ್ಟು ನೆನಪಿಸಿಕೊಂಡರೂ ನೆನಪಾಗುವುದಿಲ್ಲ. ಇಟ್ಟಿರಲೂಬಹುದು, ನಾನು ಆಗ ಕಣ್ಣು ಮುಚ್ಚಿಕೊಂಡಿದ್ದೆ.

ನನ್ನ ಪಕ್ಕದಲ್ಲಿ ಕ್ಲಿನಿಕ್ಕಿನ ಕೋಆರ್ಡಿನೇಟರ್ ಹುಡುಗಿ ನಿಂತಿದ್ದಳು. ಡಾಕ್ಟರು ಹೇಳಿದ್ದನ್ನು ಇಂಗ್ಲಿಷಿಗೆ ಮಾಡಿ ಹೇಳುತ್ತಿದ್ದಳು. ಅವರು ಒಂದು ನಿಮಿಷ ಮಾತಾಡಿದರೆ ಅವಳ ಮಾತು ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತು. ಉಳಿದ ಮಾತು ಎಲ್ಲಿ ಹೋಯಿತು ಅಂತ ಕೇಳಲು ನನಗೆ ಸಂಕೋಚ. ಒಳ್ಳೆಯ ಹುಡುಗಿ. ಅರಿವಳಿಕೆಯ ಸೂಜಿ ಚುಚ್ಚುವಾಗ ನನ್ನ ಕೈ ಹಿಡಿದುಕೊಂಡಳು. ಸೂಜಿ ಉರಿಯಿತು, ಆಮೇಲೆ ರಕ್ತನಾಳ ಕುಗ್ಗಲೆಂದು ಸುಮಾರು ಹತ್ತು ನಿಮಿಷ ಸುಮ್ಮನೆ ಮಲಗಿಸಿದರು. ಆಮೇಲೆ ನೋವಿರಲಿಲ್ಲ, ಎಳೆತ ಮಾತ್ರ. ಕೆಂಪು ಬೆಳಕು, ಕೂದಲು ಸುಟ್ಟ ಹಾಗೊಂದು ವಾಸನೆ. ನಡುವೆ "ಓಪನ್" ಅಂದರು, ಬಿಟ್ಟೆ. ಇನ್ನೊಮ್ಮೆ "ಓಪನ್". "ಕ್ಲೋಸ್" ಅಂದ ನೆನಪಿಲ್ಲ.

ಬಾಗಿಲ ಹಿಂದಿನ ನಕ್ಷೆ

ಹೋಟೆಲ್ಲಿನಲ್ಲಿ ಅಕ್ಕ ಕ್ಲಿನಿಕ್ಕಿನವರು ಕೊಟ್ಟ ಹಾಳೆಯನ್ನು ಎರಡು ಸಲ ಓದಿದಳು. ವಿಪರೀತ ನೋವು, ಕಣ್ಣು ಮುಂದಕ್ಕೆ ಉಬ್ಬುವುದು, ನೋಟ ಮಂಜಾಗುವುದು, ಈ ಮೂರರಲ್ಲಿ ಯಾವುದು ಕಂಡರೂ ತಕ್ಷಣ ಫೋನ್ ಮಾಡಿ ಅಂತ ಅದರಲ್ಲಿತ್ತು. ಕಣ್ಣಗುಡ್ಡೆಯ ಹಿಂದೆ ರಕ್ತ ಸೋರಿ ಒತ್ತಡ ಕಟ್ಟಿಕೊಳ್ಳುವುದು ಈ ಆಪರೇಷನ್ನಿನ ಅತಿ ಭಯದ ಅಪಾಯ. ಸುಮಾರು ಎರಡು ಸಾವಿರದಲ್ಲಿ ಒಬ್ಬರಿಗೆ ಆಗಬಹುದು, ಹೆಚ್ಚಾಗಿ ಮೊದಲ ಇಪ್ಪತ್ತನಾಲ್ಕು ಗಂಟೆಯೊಳಗೆ. ಬೇಗ ಒತ್ತಡ ಇಳಿಸದಿದ್ದರೆ ದೃಷ್ಟಿಯೇ ಹೋಗಬಹುದು. ಆಸ್ಪಿರಿನ್, ಮೀನೆಣ್ಣೆಯ ಗುಳಿಗೆ ಇಂಥವನ್ನೆಲ್ಲ ಮೊದಲೇ ನಿಲ್ಲಿಸಲು ಹೇಳುವುದು ಈ ಕಾರಣಕ್ಕೆ.

ಅಕ್ಕ ರಿಟೈರ್ ಆದ ಟೀಚರ್. ಹಾಳೆಯಲ್ಲಿ ಬರೆದದ್ದನ್ನು ಬರೆದ ಹಾಗೆ ಮಾಡುವವಳು. ಕೋಣೆಯ ಬಾಗಿಲ ಹಿಂದೆ ಬೆಂಕಿ ಬಿದ್ದರೆ ಹೊರಹೋಗುವ ದಾರಿಯ ನಕ್ಷೆ ಅಂಟಿಸಿದ್ದರು. ಅದರಲ್ಲಿ ಕೋಣೆಗಳ ನಂಬರುಗಳು. ಗಂಟೆಗೊಮ್ಮೆ ಅಲಾರಂ ಇಟ್ಟು ಎಬ್ಬಿಸಿ, ಒಂದು ಕಣ್ಣಿಗೆ ಅಂಗೈ ಅಡ್ಡ ಹಿಡಿದು, "ಓದು" ಅನ್ನುತ್ತಿದ್ದಳು. ನಾನು 701, 702 ಅಂತ ಓದಬೇಕು. ಆಮೇಲೆ ಇನ್ನೊಂದು ಕಣ್ಣು. "ಸಾಕು ಬಿಡೇ ಅಕ್ಕ, ನಿದ್ದೆ ಬರ್ತಿದೆ" ಅಂದರೆ, "ಓದಿ ಮಲಗು" ಅನ್ನುತ್ತಿದ್ದಳು. ಬೆಳಗಿನ ಜಾವದ ಹೊತ್ತಿಗೆ ನಂಬರುಗಳು ಬಾಯಿಪಾಠವಾಗಿದ್ದವು. ಅದು ಅವಳಿಗೂ ಗೊತ್ತಾಗಿ ನಕ್ಷೆಯ ಮೇಲೆ ಬೆರಳಿಟ್ಟು ಹಿಂದುಮುಂದಾಗಿ ಕೇಳತೊಡಗಿದಳು. ಅವಳಿಗೆ ಅರವತ್ತೊಂದು. ಆ ರಾತ್ರಿ ಒಂದು ಕ್ಷಣವೂ ಮಲಗಲಿಲ್ಲ.

ನಾಲ್ಕನೇ ರಾತ್ರಿ ಅವಳೇ ನೋಡಿದ್ದು. ಬೆಳಿಗ್ಗೆ ಏಳುತ್ತಲೇ, "ನೀನು ಕಣ್ಣು ಬಿಟ್ಕೊಂಡೇ ಮಲಗಿದ್ದೆ ಕಣೇ. ಎಡಗಣ್ಣಲ್ಲಿ ಬಿಳೀದು ಕಾಣ್ತಿತ್ತು" ಅಂದಳು. ಹೊಲಿಗೆ ಬಿಚ್ಚುವ ದಿನ ಕ್ಲಿನಿಕ್ಕಿನಲ್ಲಿ ಹೇಳಿದೆವು. ಊತ ಇಳಿದ ಮೇಲೆ ಸರಿಹೋಗುತ್ತದೆ ಅಂದರು. ಅದು ಸುಳ್ಳಲ್ಲ, ಎಷ್ಟೋ ಜನರಿಗೆ ಸರಿಹೋಗುತ್ತದೆ. ಆದರೆ ಯಾರೂ ನನ್ನನ್ನು ಮಲಗಿಸಿ, ಕಣ್ಣು ಮುಚ್ಚಿಸಿ, ಎಷ್ಟು ಬಿರುಕು ಉಳಿದಿದೆ ಅಂತ ಅಳೆಯಲಿಲ್ಲ. ಕನ್ನಡಿ ಕೊಟ್ಟರು. ತೆರೆದ ಕಣ್ಣು ಚೆನ್ನಾಗಿಯೇ ಇತ್ತು.

ಪ್ಯಾಕೇಜ್ ಪ್ರಕಾರ ಆಪರೇಷನ್ ಆದ ಆರನೇ ದಿನ ವಿಮಾನ ಹತ್ತಬೇಕಿತ್ತು. ಮುಖ, ರೆಪ್ಪೆ, ಮೂಗಿನ ಆಪರೇಷನ್ ಆದವರು ಏಳರಿಂದ ಹತ್ತು ದಿನ ವಿಮಾನ ಹತ್ತಬಾರದು ಅನ್ನುವುದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ನರ ಸಂಘದ ಸಲಹೆ. ಅಕ್ಕ ಹಟ ಹಿಡಿದು ಟಿಕೆಟ್ ಮುಂದಕ್ಕೆ ಹಾಕಿಸಿದಳು. ಹತ್ತನೇ ದಿನ ಹೊರಟರೂ ವಿಮಾನದೊಳಗಿನ ಒಣ ಗಾಳಿಗೆ ಎಡಗಣ್ಣು ಕೆಂಡವಾಗಿತ್ತು. ಏರ್‌ಪೋರ್ಟಿನಲ್ಲಿ ಕಪ್ಪು ಕನ್ನಡಕ ತೆಗೆಯಿರಿ ಅಂದರು. ಅಧಿಕಾರಿ ಪಾಸ್‌ಪೋರ್ಟಿನಲ್ಲಿ ಹುಬ್ಬೆತ್ತಿ ಕೂತ ನನ್ನನ್ನೂ ಎದುರಿಗೆ ಹಳದಿ-ನೀಲಿ ಕಲೆಯ ರೆಪ್ಪೆಗಳೊಂದಿಗೆ ನಿಂತ ನನ್ನನ್ನೂ ಎರಡೆರಡು ಸಲ ನೋಡಿದರು. ಕ್ಲಿನಿಕ್ಕು ಕೊಟ್ಟಿದ್ದ ಚೀಟಿ ತೋರಿಸಿದೆ.

ಮೊಲದ ಕಣ್ಣು

ಮನೆಗೆ ಬಂದ ಮೇಲೆ ಪ್ರತಿದಿನ ಬೆಳಿಗ್ಗೆ ಎಡಗಣ್ಣಿನಲ್ಲಿ ಮರಳು ಹೊಯ್ದ ಹಾಗಾಗುತ್ತಿತ್ತು. ಮೂರು ವಾರ ಯಾರಿಗೂ ತೋರಿಸಲಿಲ್ಲ. ತೋರಿಸಿದರೆ ಗುಟ್ಟು ರಟ್ಟಾಗುತ್ತದಲ್ಲ. ಒಂದು ಬೆಳಿಗ್ಗೆ ಬೆಳಕನ್ನೇ ನೋಡಲಾಗದೆ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಕಿತ್ತಳೆ ಬಣ್ಣ ಹಚ್ಚಿದ ಕಾಗದದ ಪಟ್ಟಿಯನ್ನು ಕಣ್ಣಿಗೆ ತಾಗಿಸಿ, ನೀಲಿ ಬೆಳಕು ಬಿಟ್ಟು ನೋಡಿದರು. ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಯ, ಕೆಳಭಾಗದಲ್ಲಿ ಹಸಿರು ಚುಕ್ಕಿಗಳು ಸಾಲಾಗಿ ಹೊಳೆಯುತ್ತಿವೆ ಅಂದರು. ರಾತ್ರಿಯಿಡೀ ಗಾಳಿಗೆ ತೆರೆದುಕೊಂಡು ಒಣಗಿದ ಜಾಗ. ಆಮೇಲೆ ಇನ್ನೊಂದು ತೆಳು ಕಾಗದವನ್ನು ಕೆಳರೆಪ್ಪೆಗೆ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ಕಣ್ಣೀರು ಅದರಲ್ಲಿ ಹತ್ತು ಮಿಲಿಮೀಟರಿಗೂ ಹೆಚ್ಚು ಇಳಿಯಬೇಕು, ನನ್ನದು ಆರಕ್ಕೆ ನಿಂತಿತು. ಮುಟ್ಟು ನಿಂತ ಹೆಂಗಸರಲ್ಲಿ ಕಣ್ಣು ಒಣಗುವುದು ಸಾಮಾನ್ಯ. "ಆಪರೇಷನ್ನಿಗೆ ಮೊದಲು ಈ ಟೆಸ್ಟ್ ಮಾಡಿದ್ರಾ ಮೇಡಂ?" ಅಂದರು. ಇಲ್ಲ. ಆ ಕಾಗದದ ಪಟ್ಟಿ ನನ್ನ ಕಿರುಬೆರಳಿನಷ್ಟೂ ಅಗಲವಿರಲಿಲ್ಲ. ಐದೇ ನಿಮಿಷದ ಕೆಲಸ.

ಅಳೆದು ನೋಡಿದರೆ ಎಡಗಣ್ಣು ಮುಚ್ಚಿದಾಗ ಎರಡು ಮಿಲಿಮೀಟರ್ ಬಿರುಕು. ನಾವು ಕಣ್ಣು ಮುಚ್ಚುವಾಗ ಗುಡ್ಡೆ ತಾನಾಗಿ ಮೇಲಕ್ಕೆ ಹೊರಳಿಕೊಳ್ಳುತ್ತದಂತೆ. ನನ್ನದು ಚೆನ್ನಾಗಿ ಹೊರಳುತ್ತಿದೆ, ಅದರಿಂದ ಬಚಾವಾಗಿದ್ದೀರಿ ಅಂದರು. ಹೀಗೆ ಪೂರ್ತಿ ಮುಚ್ಚದ ಕಣ್ಣಿಗೆ ಗ್ರೀಕರು ಇಟ್ಟ ಹೆಸರು ಲಾಗಾಫ್ತಾಲ್ಮಸ್, ಮೊಲದ ಕಣ್ಣು. ಮೊಲ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತದೆ ಅನ್ನುವ ನಂಬಿಕೆಯಿಂದ. ಎರಡು ಸಾವಿರ ವರ್ಷದ ಹಿಂದೆ ವೈದ್ಯದ ಬಗ್ಗೆ ಗ್ರಂಥ ಬರೆದ ರೋಮಿನ ಸೆಲ್ಸಸ್ ಜೋತುಬಿದ್ದ ರೆಪ್ಪೆಯ ಚರ್ಮ ಕತ್ತರಿಸುವ ವಿಧಾನ ಬರೆದಾಗಲೇ, ಹೆಚ್ಚು ಕತ್ತರಿಸಿದರೆ ಕಣ್ಣು ಮುಚ್ಚುವುದಿಲ್ಲ ಅಂತ ಎಚ್ಚರಿಸಿ ಈ ಮೊಲದ ಕಣ್ಣಿನ ಮಾತು ಎತ್ತಿದ್ದ. ಓದಿದಾಗ ತುಂಬ ಹೊತ್ತು ಸುಮ್ಮನೆ ಕೂತೆ. ಇದು ಯಾರಿಗೂ ಗೊತ್ತಿಲ್ಲದ ಅಪಾಯವೇನಲ್ಲ. ಈ ಆಪರೇಷನ್ನಿನಷ್ಟೇ ಹಳೆಯದು.

ನಮ್ಮ ಭಾಷೆಗೂ ಇದು ಗೊತ್ತಿತ್ತು. ಮಗುವನ್ನು ಕಣ್ಣಿಗೆ ರೆಪ್ಪೆಯ ಹಾಗೆ ಕಾಪಾಡಿದೆ ಅನ್ನುತ್ತೇವೆ, ಅಂದರೆ ರೆಪ್ಪೆ ಇರುವುದೇ ಕಾಯುವುದಕ್ಕೆ. ದಿನಕ್ಕೆ ನೂರು ಸಲ ಆಡುವ ‘ನಿಮಿಷ’ ಅನ್ನುವ ಪದದ ಮೂಲದ ಅರ್ಥವೇ ಎವೆ ಮುಚ್ಚಿ ತೆರೆಯುವುದು. ದೇವತೆಗಳು ಎವೆಯಿಕ್ಕುವುದಿಲ್ಲ, ಅದಕ್ಕೇ ಅವರು ಅನಿಮಿಷರು. ಸ್ವಯಂವರದಲ್ಲಿ ನಳನ ವೇಷ ಹಾಕಿ ಸಾಲಾಗಿ ನಿಂತ ದೇವತೆಗಳ ನಡುವೆ ದಮಯಂತಿ ನಿಜವಾದ ನಳನನ್ನು ಗುರುತಿಸಿದ ಲಕ್ಷಣಗಳಲ್ಲಿ ಇದೂ ಒಂದು, ಅವನೊಬ್ಬನ ಕಣ್ಣು ಮಿಟುಕುತ್ತಿತ್ತು. ಮನುಷ್ಯಳಾದ ನನಗೆ ರಾತ್ರಿ ರೆಪ್ಪೆಗೆ ಟೇಪ್ ಅಂಟಿಸಿಕೊಂಡು ಮಲಗುವ ಸ್ಥಿತಿ ಬಂದಾಗ ಈ ಕತೆ ಮತ್ತೆ ಮತ್ತೆ ನೆನಪಾಯಿತು.

ಹಗಲು ಗಂಟೆಗೊಮ್ಮೆ ಡ್ರಾಪ್ಸ್, ಮಲಗುವಾಗ ದಪ್ಪನೆಯ ಜೆಲ್, ಅದರ ಮೇಲೆ ಟೇಪ್, ದಿನಕ್ಕೆ ಮೂರು ಸಲ ರೆಪ್ಪೆಯನ್ನು ಮೆಲ್ಲಗೆ ಕೆಳಕ್ಕೆ ನೀವುವುದು. ಚರ್ಮ ನಿಧಾನಕ್ಕೆ ಸಡಿಲಗೊಂಡಿತು. ನಾಲ್ಕು ತಿಂಗಳಿಗೆ ಬಿರುಕು ಒಂದು ಮಿಲಿಮೀಟರಿಗೂ ಕಡಿಮೆಯಾಯಿತು. ಆಗದಿದ್ದರೆ ಬೇರೆ ಕಡೆಯ ಚರ್ಮ ತಂದು ಕೂರಿಸಬೇಕಾಗುತ್ತಿತ್ತು. ಈಗ ರಾತ್ರಿ ಜೆಲ್ ಮಾತ್ರ, ಅದು ಬಹುಶಃ ಕೊನೆಯವರೆಗೂ.

ಇಲ್ಲದ ಕಾಗದ

ಆ ಕಣ್ಣಿನ ಡಾಕ್ಟರು ಕೇಳಿದ ಇನ್ನೊಂದು ಪ್ರಶ್ನೆಗೂ ನನ್ನಲ್ಲಿ ಉತ್ತರವಿರಲಿಲ್ಲ. ಎಷ್ಟು ಚರ್ಮ ತೆಗೆದಿದ್ದಾರೆ? ಕೊಬ್ಬು ತೆಗೆದಿದ್ದಾರಾ? ಯಾವ ಹೊಲಿಗೆ? ನನ್ನ ಹತ್ತಿರ ಇದ್ದದ್ದು ರಸೀದಿ, ಔಷಧಿಯ ಪಟ್ಟಿ, ವಿಮಾನದ ಚೀಟಿ. ಆಪರೇಷನ್ನಿನ ವಿವರ ಬರೆದ ಹಾಳೆ ಕೇಳಿ ಪಡೆಯಬೇಕು ಅನ್ನುವುದು ತಿಳಿದಿರಲಿಲ್ಲ. ಕ್ಲಿನಿಕ್ಕಿಗೆ ಮೆಸೇಜ್ ಹಾಕಿದೆ. ಎರಡು ದಿನಕ್ಕೆ ಉತ್ತರ ಬಂತು: ಫೋಟೋ ಕಳಿಸಿ. ಜೊತೆಗೊಂದು ಮಾದರಿ ಚಿತ್ರ, ಮುಖ ನೇರ, ಕಣ್ಣು ತೆರೆದು. ಆಗ ಹಿಂದೆ ನಾನು ಸೇವ್ ಮಾಡಿಟ್ಟುಕೊಂಡಿದ್ದ ಮೊದಲು-ಆಮೇಲೆ ಫೋಟೋಗಳನ್ನೆಲ್ಲ ತೆಗೆದು ನೋಡಿದೆ. ನಲವತ್ತಕ್ಕೂ ಹೆಚ್ಚು ಇದ್ದವು. ಒಂದರಲ್ಲೂ ಕಣ್ಣು ಮುಚ್ಚಿರಲಿಲ್ಲ. ನಾನು ಅಕ್ಕನ ಕೈಯಲ್ಲಿ ಮುಚ್ಚಿದ ಕಣ್ಣಿನ ಫೋಟೋ ತೆಗೆಸಿ ಕಳಿಸಿದೆ. ಕಾಯಿರಿ, ಆರು ತಿಂಗಳಾಗಲಿ ಅಂದರು. ಆರು ತಿಂಗಳಾದ ಮೇಲೆ ಬಂದರೆ ಪರೀಕ್ಷೆಗೆ ಹಣ ತೆಗೆದುಕೊಳ್ಳುವುದಿಲ್ಲ ಅಂದರು. ಬರುವುದು ಅಂದರೆ ಮತ್ತೆ ವೀಸಾ, ಮತ್ತೆ ವಿಮಾನ, ಮತ್ತೆ ಸುಳ್ಳು ಹೇಳಿ ರಜೆ. ಹೋಗಲಿಲ್ಲ.

ಪ್ರಜ್ಞೆ ತಪ್ಪಿಸಿ ಮಾಡುವ ಆಪರೇಷನ್ನಿನ ಕೋಣೆಗಳಲ್ಲಿ ಕ್ಯಾಮೆರಾ ಇರಲೇಬೇಕು, ರೋಗಿ ಕೇಳಿದರೆ ರೆಕಾರ್ಡ್ ಮಾಡಬೇಕು ಅಂತ ಕೊರಿಯಾದಲ್ಲಿ 2023ರ ಸೆಪ್ಟೆಂಬರಿನಿಂದ ಕಾನೂನಿದೆ. ಒಬ್ಬ ಡಾಕ್ಟರನ್ನು ತೋರಿಸಿ, ರೋಗಿ ಮಲಗಿದ ಮೇಲೆ ಇನ್ನೊಬ್ಬರ ಕೈಯಲ್ಲಿ ಆಪರೇಷನ್ ಮಾಡಿಸಿದ ಪ್ರಕರಣಗಳು ಬಯಲಾದ ಮೇಲೆ ಅಲ್ಲಿಯ ಜನ ಹೋರಾಡಿ ಪಡೆದ ಕಾನೂನು ಅದು. ನಾನು ಎಚ್ಚರವಿದ್ದೆ, ನನಗೆ ಅದು ಅನ್ವಯಿಸುತ್ತಿರಲಿಲ್ಲ. ಆದರೆ ಇಂಥದ್ದೆಲ್ಲ ಆ ನೆಲದವರಿಗೆ ಗೊತ್ತಿರುತ್ತದೆ. ಏನು ಕೇಳಬೇಕು, ಎಲ್ಲಿ ದೂರು ಕೊಡಬೇಕು, ಯಾವ ಹಾಳೆ ತೆಗೆದುಕೊಳ್ಳಬೇಕು. ಒಂದು ವಾರಕ್ಕೆ ಬಂದುಹೋಗುವ ಪರದೇಶಿಗೆ ಗೊತ್ತಿರುವುದು ಹೋಟೆಲ್ಲಿನಿಂದ ಕ್ಲಿನಿಕ್ಕಿನ ದಾರಿ ಮಾತ್ರ.

ಆಪರೇಷನ್ ಮಾಡಿಸಿಕೊಂಡದ್ದಕ್ಕೆ ಪಶ್ಚಾತ್ತಾಪವಿಲ್ಲ. ಹಣೆನೋವು ಹೋಗಿದೆ. ಮೇಲಿನ ಕಪಾಟಿನ ಪುಸ್ತಕದ ಹೆಸರನ್ನು ತಲೆಯೆತ್ತದೆ ಓದುತ್ತೇನೆ. ಅಮ್ಮ ಬೆರಳಿನಿಂದ ಎತ್ತಿ ನೋಡುತ್ತಿದ್ದ ಪ್ರಪಂಚ ನನಗೆ ಹಾಗೇ ಕಾಣುತ್ತದೆ, ಅದು ಸಣ್ಣ ಸಂಗತಿಯಲ್ಲ. ನೋವಿರುವುದು ಆ ಗುಟ್ಟಿನ ಬಗ್ಗೆ. ಮೂರು ವಾರ ಕಣ್ಣು ಒಣಗಿಸಿಕೊಂಡು ಕೂತದ್ದು ಅದರಿಂದ.

ಹೋದ ತಿಂಗಳು ಅಕ್ಕ ಬಂದಿದ್ದಳು. ಊಟವಾದ ಮೇಲೆ ಮೆಲ್ಲಗೆ, "ನನಗೂ ಮಾಡಿಸ್ಕೊಬೇಕು ಅನ್ಸುತ್ತೆ ಕಣೇ. ಬಲಗಡೆ ಬರೋ ಗಾಡಿ ಕಾಣೋದೇ ಇಲ್ಲ" ಅಂದಳು. ಅವಳ ಬಲರೆಪ್ಪೆ ಅಮ್ಮನ ರೆಪ್ಪೆಯೇ. ಮೊದಲು ನನ್ನ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ, ರೆಪ್ಪೆಗೆ ಟೇಪ್ ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಟದ ವಿಸ್ತಾರ ಅಳೆಯುತ್ತಾರೆ, ಆ ಕಾಗದದ ಪಟ್ಟಿಯ ಟೆಸ್ಟೂ ಆಗಲಿ ಅಂದೆ. ಗುರುವಾರ ಹೊತ್ತು ತೆಗೆದುಕೊಂಡೆವು. ಯಾರಾದರೂ ಕೇಳಿದರೆ ಏನು ಹೇಳೋದು ಅಂದಳು. ರೆಪ್ಪೆ ತೋರಿಸೋಕೆ ಹೋಗಿದ್ವಿ ಅಂತ ಹೇಳೋದು ಅಂದೆ.

ರಾತ್ರಿ ಅವಳು ಮಲಗಿದ ಮೇಲೆ ಫೋನಿನ ಟಾರ್ಚಿಗೆ ಕೈ ಅಡ್ಡ ಹಿಡಿದು, ಬೆರಳ ಸಂದಿಯಿಂದ ಬರುವಷ್ಟೇ ಬೆಳಕಿನಲ್ಲಿ ಬಗ್ಗಿ ನೋಡಿದೆ. ಎರಡೂ ಕಣ್ಣು ಪೂರ್ತಿ ಮುಚ್ಚಿದ್ದವು. ಮೇಲಿನ ಕೂದಲು ಕೆಳಗಿನ ಕೂದಲಿನ ಮೇಲೆ ಒರಗಿತ್ತು. ಒಳಗೆ ಗುಡ್ಡೆ ಆಚೀಚೆ ಹೊರಳುವುದು ತೆಳು ಚರ್ಮದ ಮೇಲೆ ಕಾಣುತ್ತಿತ್ತು, ಏನೋ ಕನಸು ಕಾಣುತ್ತಿದ್ದಳು. ಟಾರ್ಚ್ ಆರಿಸಿ, ನನ್ನ ಜೆಲ್ ಹಚ್ಚಿಕೊಂಡು, ಪಕ್ಕದಲ್ಲಿ ಮಲಗಿದೆ.